ಕಾಡಿಗೆ ಮರಳಿದ ಹಾವುಗಳ ಜಾಡು ಹಿಡಿಯುವ ಇಂಟರ್ನ್‌ಶಿಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾಲದಲ್ಲಿ ಇದ್ದು, ಆಮೇಲೆ ಕಾಣೆಯಾದ ಹಾವುಗಳನ್ನು ಸಾಕಿ ಬೆಳೆಸಿ ಅದೇ ಕಾಡಿಗೆ ಮತ್ತೆ ಬಿಡುವ ಯೋಜನೆಗಳು ಕೆಲವು ಕಡೆ ನಡೆಯುತ್ತಿವೆ. ಬಿಟ್ಟ ಮೇಲೆ ಅವು ಏನಾದವು ಅಂತ ನೋಡೋರು ಬೇಕಲ್ವಾ? ಆ ಕೆಲಸದಲ್ಲಿ ದೊಡ್ಡ ಪಾಲು ಇಂಟರ್ನ್‌ಗಳದ್ದು. ಅರ್ಜಿ ಹಾಕುವ ಮುಂಚೆ ಹುಡುಗ ಹುಡುಗಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ದಿನಾ ಹಾವು ಹಿಡಿಯುವ ಕೆಲಸಾನಾ ಇದು?

ಅಲ್ಲ. ಹಿಡಿಯದೇ ಇರುವ ಕೆಲಸ ಅಂದ್ರೆ ಸರಿ. ಹಾವು ಎಲ್ಲಿದೆ ಅಂತ ಪತ್ತೆ ಮಾಡಬೇಕು, ಏನು ಮಾಡ್ತಿದೆ ಅಂತ ನೋಡಬೇಕು, ಬರೆದುಕೊಳ್ಳಬೇಕು, ಅದಕ್ಕೆ ತೊಂದರೆ ಕೊಡದೆ ವಾಪಸ್ ಬರಬೇಕು. ಮುಟ್ಟಿ ಮುಟ್ಟಿ ಕೆಣಕಿದ ಹಾವು ಆ ಜಾಗ ಬಿಟ್ಟು ಹೋಗುತ್ತದೆ. ಆಗ ನಿಮ್ಮ ಪುಸ್ತಕದಲ್ಲಿ ದಾಖಲಾಗೋದು ಹಾವಿನ ಬದುಕಲ್ಲ, ನಿಮ್ಮ ಕಾಟ. ತೂಕ, ಉದ್ದ ಅಳೆಯೋಕೆ, ರಕ್ತ ತೆಗೆಯೋಕೆ ಆಗೊಮ್ಮೆ ಈಗೊಮ್ಮೆ ಹಿಡಿಯುತ್ತಾರೆ. ಅದಕ್ಕೆ ಪರವಾನಗಿ ಇದ್ದವರು ಇರುತ್ತಾರೆ. ಮೊದಲ ವಾರಗಳಲ್ಲಿ ನಿಮ್ಮ ಪಾಲಿಗೆ ಬರೋದು ಚೀಲದ ಬಾಯಿ ಹಿಡಿಯೋದು ಮತ್ತು ಅವರು ಹೇಳಿದ ಅಳತೆ ಬರೆದುಕೊಳ್ಳೋದು.

ಹಾವು ಹಿಡಿದು ಫೋಟೋ ತೆಗೆಸಿಕೊಳ್ಳೋದೇ ಆಸೆ ಆದರೆ ಈ ಕೆಲಸ ಬೇಡ. ನಿಮಗೂ ಬೇಜಾರು, ಹಾವಿಗೂ ಬೇಜಾರು.

ಯಾವ ಯಾವ ಹಾವುಗಳನ್ನು ಹೀಗೆ ಬಿಟ್ಟಿದ್ದಾರೆ?

ಜಾಸ್ತಿ ಕೇಳಿಬರುವ ಹೆಸರು ಅಮೆರಿಕದ ಈಸ್ಟರ್ನ್ ಇಂಡಿಗೊ ಹಾವು. ವಿಷ ಇಲ್ಲ, ಬಿಸಿಲಿಗೆ ನೀಲಿ ಹೊಳೆಯುವ ಕಪ್ಪು ಮೈ. ಗಂಡು ಎರಡೂವರೆ ಮೀಟರ್ ದಾಟಬಹುದು. ಆ ದೇಶದ ಸ್ವಂತ ಹಾವುಗಳಲ್ಲಿ ಇಷ್ಟುದ್ದದ್ದು ಬೇರೆ ಇಲ್ಲ. ಇದು ರ‍್ಯಾಟಲ್‌ಸ್ನೇಕನ್ನೂ (ಬಾಲದಲ್ಲಿ ಗಿಲಕಿಯಂಥ ಸದ್ದು ಮಾಡುವ ವಿಷದ ಹಾವು) ಹಿಡಿದು ನುಂಗುತ್ತದೆ. 1978ರಲ್ಲೇ ಇದನ್ನು ಕಾನೂನಿನ ರಕ್ಷಣೆಗೆ ಸೇರಿಸಿದರು. ಅಲಬಾಮಾದ ಕೊನೆಕಾ ರಾಷ್ಟ್ರೀಯ ಅರಣ್ಯದಲ್ಲಿ 2010ರಿಂದ, ಫ್ಲಾರಿಡಾದ ಉತ್ತರ ಭಾಗದ ಅಪಲಾಚಿಕೋಲಾ ಬ್ಲಫ್ಸ್ ಅಂಡ್ ರವೀನ್ಸ್ ಸಂರಕ್ಷಿತ ಪ್ರದೇಶದಲ್ಲಿ 2017ರಿಂದ ಬಿಡುತ್ತಾ ಬಂದಿದ್ದಾರೆ.

ಲೂಸಿಯಾನಾ ಪೈನ್ ಹಾವು ಇನ್ನೊಂದು. ಮಣ್ಣೊಳಗೆ ಬಿಲ ತೋಡುವ ಪಾಕೆಟ್ ಗೋಫರ್ ಎಂಬ ಇಲಿ ಜಾತಿಯ ಪ್ರಾಣಿಯ ಹಿಂದೆ ಹೋಗಿ, ಅದರ ಬಿಲದಲ್ಲೇ ಬದುಕುವ ಹಾವು. ಒಂದು ಸಲಕ್ಕೆ ಇಡೋದು ಬೆರಳೆಣಿಕೆಯಷ್ಟು ಮೊಟ್ಟೆ, ಆದರೆ ಮೊಟ್ಟೆ ಭಾರಿ ದೊಡ್ಡದು. ಪ್ರಾಣಿಸಂಗ್ರಹಾಲಯಗಳಲ್ಲಿ ಹುಟ್ಟಿದ ಮರಿಗಳನ್ನು 2010ರಿಂದ ಕಿಸಾಚಿ ರಾಷ್ಟ್ರೀಯ ಅರಣ್ಯಕ್ಕೆ ಬಿಡುತ್ತಿದ್ದಾರೆ.

ನನಗೆ ಇಷ್ಟವಾದದ್ದು ಕೆರಿಬಿಯನ್‌ನ ಆಂಟಿಗುವಾ ರೇಸರ್ ಕಥೆ. 1995ರಲ್ಲಿ ಒಂದೇ ಒಂದು ಪುಟ್ಟ ದ್ವೀಪದಲ್ಲಿ ಸುಮಾರು 50 ಉಳಿದಿದ್ದವು. ಹಡಗುಗಳ ಜೊತೆ ಬಂದ ಇಲಿಗಳೂ, ಆ ಇಲಿಗಳನ್ನು ಹಿಡಿಯಲಿ ಅಂತ ತಂದ ಮುಂಗುಸಿಗಳೂ ಸೇರಿ ಅವನ್ನು ಮುಗಿಸುತ್ತಾ ಬಂದಿದ್ದವು. ಮೊದಲು ಇಲಿಗಳನ್ನು ಪೂರ್ತಿ ತೆಗೆದರು. ಆಮೇಲೆ ಅಕ್ಕಪಕ್ಕದ ದ್ವೀಪಗಳಿಗೆ ಹಾವುಗಳನ್ನು ಒಯ್ದು ಬಿಟ್ಟರು. ಈಗ ಸಂಖ್ಯೆ ಸಾವಿರ ದಾಟಿದೆ. ಕೆಲಸದ ಕ್ರಮ ಗಮನಿಸಿ. ಹಾವನ್ನು ಕೊಂದದ್ದು ಯಾವುದೋ ಅದನ್ನು ಮೊದಲು ಸರಿ ಮಾಡಬೇಕು. ಅದಾಗದೆ ಹಾವು ಬಿಟ್ಟರೆ ಸುಮ್ನೆ ಕೊಲ್ಲಲು ಕಳಿಸಿದ ಹಾಗೆ.

ಹಾವು ತಾನಾಗಿಯೇ ವಾಪಸ್ ಬರೋದಿಲ್ವಾ? ಸಾಕಿ ಯಾಕೆ ಬಿಡಬೇಕು?

ದಾರಿ ಇದ್ದರೆ ತಾನೇ ಬರೋದು. ಇಂಡಿಗೊ ಹಾವಿನ ನೆಲೆ ಲಾಂಗ್‌ಲೀಫ್ ಪೈನ್ ಕಾಡು. ಹಿಂದೆ ಸುಮಾರು 9 ಕೋಟಿ ಎಕರೆ ಇದ್ದ ಕಾಡು ಶೇಕಡಾ 5ಕ್ಕೂ ಕಡಿಮೆಗೆ ಇಳಿಯಿತು. ಉಳಿದ ತುಂಡುಗಳ ನಡುವೆ ರಸ್ತೆ, ಹೊಲ, ಊರು. ಸಾಲದ್ದಕ್ಕೆ, ಸಾಕೋಕೆ ಅಂತ ಹಿಡಿದು ಮಾರಿದರು. ರ‍್ಯಾಟಲ್‌ಸ್ನೇಕ್ ಬೇಟೆಗಾರರು ಹಾವು ಹೊರಗೆ ಬರಲಿ ಅಂತ, ಗೋಫರ್ ಎಂಬ ಜಾತಿಯ ಆಮೆ ತೋಡಿದ ಬಿಲಗಳಿಗೆ ಪೆಟ್ರೋಲ್ ಸುರಿದರು. ಚಳಿಗಾಲದಲ್ಲಿ ಇಂಡಿಗೊ ಮಲಗೋದು ಅದೇ ಬಿಲದಲ್ಲಿ. ಅಲಬಾಮಾದಲ್ಲಿ 1954ರ ನಂತರ ಕಾಡಿನಲ್ಲಿ ಈ ಹಾವು ಕಂಡ ಖಚಿತ ದಾಖಲೆಯೇ ಇರಲಿಲ್ಲ.

ಇಂಡಿಗೊ ಮರಿಯನ್ನು ಹುಟ್ಟಿದ ತಕ್ಷಣ ಬಿಡುವುದಿಲ್ಲ. ಸುಮಾರು ಎರಡು ವರ್ಷ ಸಾಕುತ್ತಾರೆ. ಪುಟ್ಟ ಮರಿಯನ್ನು ತಿನ್ನೋಕೆ ಹದ್ದು, ರಕೂನ್, ಬೇರೆ ಹಾವು ಎಲ್ಲವೂ ಕಾದಿರುತ್ತವೆ. ಮೈ ತುಂಬಿದ ಮೇಲೆ ತಿನ್ನೋರು ಕಡಿಮೆ.

ಹಾವಿಗೆ ಕತ್ತೂ ಇಲ್ಲ, ಕಾಲೂ ಇಲ್ಲ. ಎಲ್ಲಿದೆ ಅಂತ ಸಿಗ್ನಲ್ ಕಳಿಸುವ ರೇಡಿಯೋ ಟ್ರಾನ್ಸ್‌ಮಿಟರ್ ಎಲ್ಲಿ ಕಟ್ಟುತ್ತಾರೆ?

ಕಟ್ಟೋದಿಲ್ಲ, ಮೈಯೊಳಗೆ ಇಡುತ್ತಾರೆ. ಪಶುವೈದ್ಯರು ಅರಿವಳಿಕೆ ಕೊಟ್ಟು, ಪಕ್ಕೆಯ ಹತ್ತಿರ ಸಣ್ಣದಾಗಿ ಕೊಯ್ದು, ಟ್ರಾನ್ಸ್‌ಮಿಟರನ್ನು ಹೊಟ್ಟೆಯ ಪೊಳ್ಳಿನಲ್ಲಿ ಇಟ್ಟು, ಅದರ ಕೂದಲೆಳೆಯಂಥ ಆಂಟೆನಾವನ್ನು ಚರ್ಮದ ಕೆಳಗೆ ಹಾಯಿಸಿ ಹೊಲಿಯುತ್ತಾರೆ. ತೂಕ ಹಾವಿನ ತೂಕದ ಕೆಲವೇ ಶೇಕಡಾ ಇರಬೇಕು, 5 ದಾಟಬಾರದು ಅನ್ನೋದು ರೂಢಿ. ಅದಕ್ಕೇ ಚಿಕ್ಕ ಮರಿಗಳಿಗೆ ಹಾಕೋಕಾಗಲ್ಲ. ಬ್ಯಾಟರಿ ಒಂದೆರಡು ವರ್ಷ ಬರುತ್ತದೆ. ಮುಗಿಯುವ ಮುಂಚೆ ಹಿಡಿದು ತೆಗೆಯಬೇಕು ಅಥವಾ ಹೊಸದು ಹಾಕಬೇಕು.

ಜಿಪಿಎಸ್ ಯಾಕೆ ಹಾಕಲ್ಲ ಅಂತ ಎಲ್ಲರೂ ಕೇಳ್ತಾರೆ. ಹಾವು ಇರೋದು ಬಿಲದಲ್ಲಿ, ಪೊದೆಯಲ್ಲಿ. ಟ್ಯಾಗ್ ಇರೋದು ಅದರ ಹೊಟ್ಟೆಯಲ್ಲಿ. ಉಪಗ್ರಹದ ಸಿಗ್ನಲ್ ಅಲ್ಲಿಗೆ ಸರಿಯಾಗಿ ತಲುಪೋದಿಲ್ಲ. ಆದ್ದರಿಂದ ಹಳೆಯ ರೇಡಿಯೋ, ನಿಮ್ಮ ಕಾಲು.

ಹಾಗಾದ್ರೆ ಹುಡುಕೋದು ಹೇಗೆ?

ಪ್ರತಿ ಹಾವಿಗೂ ಒಂದು ಫ್ರೀಕ್ವೆನ್ಸಿ. ಕೈಯಲ್ಲಿ ಮೂರು ಕಡ್ಡಿಯ ಯಾಗಿ ಆಂಟೆನಾ, ಹೆಗಲಲ್ಲಿ ರಿಸೀವರ್. ಎತ್ತರದ ಜಾಗದಲ್ಲಿ ನಿಂತು ಆಂಟೆನಾ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಬೇಕು. ಟಿಕ್ ಟಿಕ್ ಸದ್ದು ಎತ್ತ ಜೋರಾಗಿ ಕೇಳುತ್ತದೋ ಅತ್ತ ನಡೆಯಬೇಕು. ಬಯಲಾದರೆ ಕೆಲವು ನೂರು ಮೀಟರ್‌ನಿಂದ ಕೇಳುತ್ತದೆ. ಹಾವು ಆಳದ ಬಿಲದಲ್ಲಿದ್ದರೆ ಹತ್ತಿರ ಹೋಗುವ ತನಕ ಏನೂ ಕೇಳಲ್ಲ.

ಹೊಸಬರು ತಪ್ಪೋದು ಹತ್ತಿರ ಬಂದ ಮೇಲೆ. ಅಲ್ಲಿ ಎಲ್ಲ ದಿಕ್ಕಿನಲ್ಲೂ ಸದ್ದು ಒಂದೇ ಸಮ ಜೋರಾಗಿರುತ್ತದೆ. ಆಗ ರಿಸೀವರ್‌ನ ಗೇನ್, ಅಂದ್ರೆ ಸಿಗ್ನಲ್ ಹಿಡಿಯುವ ತೀಕ್ಷ್ಣತೆ, ಇಳಿಸಬೇಕು. ಸದ್ದು ಇನ್ನೇನು ಸತ್ತೇಹೋಯ್ತು ಅನ್ನುವಷ್ಟು ಇಳಿಸಿ, ಮತ್ತೆ ಆಂಟೆನಾ ತಿರುಗಿಸಿ, ಎರಡು ಹೆಜ್ಜೆ, ಮತ್ತೆ ಇಳಿಸಬೇಕು. ಕೊನೆಗೆ ಆಂಟೆನಾ ಕಳಚಿ ಬರೀ ಕೇಬಲ್ ಹಿಡಿದರೂ ಟಿಕ್ ಅಂದರೆ ನೀವು ಹಾವಿನ ಪಕ್ಕದಲ್ಲೇ ಇದ್ದೀರಿ ಅಂತ ಅರ್ಥ. ಅಲ್ಲಿ ಕಾಲು ಎತ್ತಬೇಡಿ, ಕಣ್ಣು ಆಡಿಸಿ. ಒಣಗಿದ ಪೈನ್ ಸೂಜಿಗಳ ರಾಶಿ, ಕಡಿದ ಬೇರಿನ ಗುಂಡಿ, ಸುಟ್ಟ ಮರದ ಬುಡ, ಇವನ್ನೆಲ್ಲ ಒಂದೊಂದಾಗಿ ನೋಡಿ. ಎಷ್ಟೋ ಸಲ ಇಡೀ ಹಾವು ಕಾಣಲ್ಲ. ಹುಲ್ಲಿನ ನಡುವೆ ಬೆರಳಗಲದ ಕಪ್ಪು ಮೈ ಉಸಿರಿಗೆ ಉಬ್ಬಿ ಇಳಿಯೋದು ಮಾತ್ರ ಕಾಣುತ್ತದೆ. ಪೊರೆ ಬಿಡುವ ಸಮಯವಾದರೆ ಹೊಳಪು ಹೋಗಿ ಮೈ ಬೂದಿ ಬಳಿದ ಹಾಗಿರುತ್ತದೆ, ಕಣ್ಣು ಮಂಜು ಮಂಜು. ಅದನ್ನೂ ಬರೆದುಕೊಳ್ಳಿ, ಯಾಕಂದ್ರೆ ಆ ದಿನಗಳಲ್ಲಿ ಹಾವು ಜಾಸ್ತಿ ಓಡಾಡಲ್ಲ.

ಗುಡ್ಡ ಇದ್ದರೆ ಸಿಗ್ನಲ್ ಬಡಿದು ಬೇರೆ ಕಡೆಯಿಂದ ಬಂದ ಹಾಗೆ ಕೇಳುತ್ತದೆ. ಮಳೆ ನಿಂತ ಮೇಲಿನ ಒದ್ದೆ ಪೊದೆಗಳು ಸದ್ದನ್ನು ಕುಗ್ಗಿಸುತ್ತವೆ. ಚಳಿ, ಸೆಕೆಗೆ ಫ್ರೀಕ್ವೆನ್ಸಿ ಕೂಡ ಕೊಂಚ ಅತ್ತಿತ್ತ ಜರುಗುತ್ತದೆ. ಇವೆಲ್ಲ ಪುಸ್ತಕ ಓದಿ ಬರಲ್ಲ. ಕೆಲವು ವಾರ ನಡೆದರೆ ಕಿವಿಗೆ ತಾನೇ ಗೊತ್ತಾಗುತ್ತದೆ.

ಪಿಟ್ ಟ್ಯಾಗ್ ಅಂದ್ರೆ ಅದೇನಾ?

ಅಲ್ಲ, ಅದು ಬೇರೆ. ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ಕೊಳವೆ, ಸೂಜಿಯಿಂದ ಚರ್ಮದಡಿ ಸೇರಿಸುತ್ತಾರೆ. ಬ್ಯಾಟರಿ ಇಲ್ಲ, ಹಾವಿನ ಜೀವಮಾನ ಪೂರ್ತಿ ಇರುತ್ತದೆ. ಸ್ಕ್ಯಾನರ್ ತೀರಾ ಹತ್ತಿರ ಹಿಡಿದರೆ ಮಾತ್ರ ನಂಬರ್ ತೋರಿಸುತ್ತದೆ. ದೂರದಿಂದ ಹುಡುಕೋಕೆ ಉಪಯೋಗ ಇಲ್ಲ, ಯಾವ ಹಾವು ಅಂತ ಗುರುತಿಸೋಕೆ. ಬಿಡುವ ಪ್ರತಿ ಹಾವಿಗೂ ಇದು ಇರುತ್ತದೆ.

ಒಂದು ದಿನ ಹೇಗಿರುತ್ತದೆ?

ಬೇಸಿಗೆಯಲ್ಲಿ ಬೆಳಕು ಹರಿಯುವ ಮುಂಚೆ ಏಳೋದು. ಬಿಸಿಲು ಏರಿದ ಮೇಲೆ ಹಾವೂ ನೆರಳಿಗೆ ಹೋಗುತ್ತದೆ, ನೀವೂ ಹೋಗಬೇಕು. ಚಳಿಗಾಲದಲ್ಲಿ ಉಲ್ಟಾ. ಬಿಸಿಲು ಬಂದ ಮೇಲೆ ಬಿಲದ ಬಾಯಲ್ಲಿ ಮೈ ಕಾಯಿಸೋಕೆ ಬರುತ್ತದೆ, ಆಗ ಹೋಗಬೇಕು. ಗಂಡು ಇಂಡಿಗೊ ಓಡಾಡುವ ಪ್ರದೇಶ ನೂರಾರು ಹೆಕ್ಟೇರ್ ಇರಬಹುದು. ನಿನ್ನೆ ಇದ್ದಲ್ಲಿ ಇವತ್ತು ಇರುತ್ತದೆ ಅನ್ನೋ ಖಾತ್ರಿ ಇಲ್ಲ.

ಪ್ರತಿ ಹಾವು ಸಿಕ್ಕಾಗ ಸಮಯ, ಜಿಪಿಎಸ್ ಬಿಂದು, ಗಾಳಿಯ ಮತ್ತು ನೆಲದ ಉಷ್ಣತೆ, ಮೇಲಿತ್ತಾ ಒಳಗಿತ್ತಾ, ಯಾರ ಬಿಲ, ಸುತ್ತ ಯಾವ ಗಿಡ, ಮರದ ನೆರಳು ಎಷ್ಟು ಅಂತ ಬರೆಯಬೇಕು. ಮಧ್ಯಾಹ್ನದ ಮೇಲೆ ಅದನ್ನೆಲ್ಲ ಕಂಪ್ಯೂಟರ್‌ಗೆ ಹಾಕಬೇಕು. ಬಿಲಗಳ ಮುಂದೆ ಇಟ್ಟ ಕ್ಯಾಮೆರಾಗಳ ಸಾವಿರಾರು ಫೋಟೋ ನೋಡಬೇಕು, ಅದರಲ್ಲಿ ಹೆಚ್ಚಿನವು ಅಲುಗಾಡಿದ ಹುಲ್ಲಿನವು. ಬೋರ್ ಆಗುತ್ತದೆ. ಆಗಲ್ಲ ಅಂತ ಹೇಳೋರನ್ನು ನಂಬಬೇಡಿ.

ದಿನವಿಡೀ ಸುತ್ತಿಯೂ ಹಾವು ಸಿಗದಿದ್ದರೆ? ಕೆಲಸ ಮಾಡಿಲ್ಲ ಅಂತ ಲೆಕ್ಕಾನಾ?

ಈ ಪ್ರಶ್ನೆಗೆ ಉತ್ತರ ಚೆನ್ನಾಗಿ ಅರ್ಥ ಮಾಡಿಕೊಂಡವರು ಒಳ್ಳೆಯ ಇಂಟರ್ನ್ ಆಗ್ತಾರೆ. "ಸಿಗಲಿಲ್ಲ" ಕೂಡ ಒಂದು ದಾಖಲೆ. ಆದರೆ ಬರೀ "ಸಿಗಲಿಲ್ಲ" ಅಂತ ಬರೆದರೆ ಸಾಲದು. ಎಲ್ಲೆಲ್ಲಿ ನಿಂತು ಕೇಳಿದಿರಿ, ಎಷ್ಟು ಹೊತ್ತು, ಗಾಳಿ ಮಳೆ ಇತ್ತಾ, ಅದೇ ಜಾಗದಲ್ಲಿ ಬೇರೆ ಹಾವಿನ ಸಿಗ್ನಲ್ ಕೇಳಿಸಿತಾ? ಕೇಳಿಸಿದ್ದರೆ ರಿಸೀವರ್ ಸರಿ ಇದೆ ಅಂತ ಗೊತ್ತಾಗುತ್ತದೆ. ಸಿಗ್ನಲ್ ಇಲ್ಲ ಅಂದರೆ ಬ್ಯಾಟರಿ ಸತ್ತಿರಬಹುದು, ಹಾವು ಆಳಕ್ಕೆ ಇಳಿದಿರಬಹುದು, ಗಡಿ ದಾಟಿ ಹೋಗಿರಬಹುದು, ಯಾರೋ ಎತ್ತಿಕೊಂಡು ಹೋಗಿರಬಹುದು. ಇವುಗಳಲ್ಲಿ ಯಾವುದು ಅಂತ ಆಮೇಲೆ ಕೂತು ಯೋಚಿಸುವವರಿಗೆ ನಿಮ್ಮ ಆ ನಾಲ್ಕು ಸಾಲೇ ಆಧಾರ.

ಅಂದಾಜಿಗೆ ಒಂದು ಬಿಂದು ಹಾಕಿ ಮನೆಗೆ ಹೋಗುವ ಆಸೆ ಸಂಜೆ ಹೊತ್ತಿಗೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದ ಒಂದೇ ಒಂದು ಸುಳ್ಳು ಬಿಂದು ಆ ಹಾವಿನ ಇಡೀ ನಕ್ಷೆಯನ್ನು ಹಾಳು ಮಾಡುತ್ತದೆ. ಹಾವು ರಸ್ತೆ ದಾಟಿತು ಅಂತ ನಕ್ಷೆ ಹೇಳುತ್ತದೆ, ಅದು ದಾಟಿರೋದೇ ಇಲ್ಲ.

ಸತ್ತ ಹಾವು ಸಿಕ್ಕರೆ ಏನು ಮಾಡಬೇಕು?

ಸಿಕ್ಕೇ ಸಿಗುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ. ಹೊಸ ಜಾಗದಲ್ಲಿ ಹಾವು ಅಡಗುವ ಜಾಗ ಗೊತ್ತಿಲ್ಲದೆ ಜಾಸ್ತಿ ಅಲೆಯುತ್ತದೆ. ಜಾಸ್ತಿ ಅಲೆದಷ್ಟೂ ಹದ್ದಿನ ಕಣ್ಣಿಗೆ, ಕಾರಿನ ಚಕ್ರಕ್ಕೆ ಸಿಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಟಿಂಬರ್ ರ‍್ಯಾಟಲ್‌ಸ್ನೇಕ್‌ಗಳನ್ನು ಬೇರೆ ಕಾಡಿಗೆ ಒಯ್ದು ಬಿಟ್ಟು ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಬಿಟ್ಟ ಹಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು, ಅಲ್ಲೇ ಇದ್ದ ಹಾವುಗಳಲ್ಲಿ ಸತ್ತದ್ದು ತೀರಾ ಕಡಿಮೆ. ಈ ಕಾರಣಕ್ಕೇ ಕೆಲವು ಯೋಜನೆಗಳಲ್ಲಿ ಮೊದಲು ಬೇಲಿ ಹಾಕಿದ ಜಾಗದಲ್ಲಿ ಕೆಲವು ಕಾಲ ಇಟ್ಟು, ಊರು ಪರಿಚಯ ಆದ ಮೇಲೆ ಬೇಲಿ ತೆಗೆಯುತ್ತಾರೆ.

ಸಿಗ್ನಲ್ ಒಂದೇ ಕಡೆಯಿಂದ ಬರುತ್ತಾ ಇದ್ದರೆ ಅನುಮಾನ ಪಡಬೇಕು. ಬರೀ ಟ್ರಾನ್ಸ್‌ಮಿಟರ್ ನೆಲದಲ್ಲಿ ಬಿದ್ದಿರಬಹುದು, ಇಲ್ಲಾ ಅದು ಇನ್ಯಾವುದೋ ಪ್ರಾಣಿಯ ಹೊಟ್ಟೆ ಸೇರಿ ಅಲ್ಲಿಂದಲೇ ಟಿಕ್ ಅನ್ನುತ್ತಿರಬಹುದು. ಹಾವಿನ ದೇಹವೇ ಟ್ರಾನ್ಸ್‌ಮಿಟರನ್ನು ಹೊರಗೆ ತಳ್ಳಿದ ದಾಖಲೆಗಳೂ ಇವೆ, ಹಾಗಾಗಿ ಸಿಕ್ಕ ತಕ್ಷಣ ಸಾವು ಅಂತ ಬರೆಯಬೇಡಿ. ಮುಟ್ಟುವ ಮುಂಚೆ ಫೋಟೋ ತೆಗೆಯಿರಿ. ಸುತ್ತ ಹಲ್ಲಿನ ಗುರುತು, ಗರಿ, ಹೆಜ್ಜೆ ನೋಡಿ. ಆಮೇಲೆ ಕೈಗವಸು ಹಾಕಿಕೊಂಡು ಚೀಲಕ್ಕೆ ಹಾಕಿ, ಚಳಿಪೆಟ್ಟಿಗೆಯಲ್ಲಿಟ್ಟು ಮೇಲಿನವರಿಗೆ ಫೋನ್ ಮಾಡಿ.

ಬೂಟು ತೊಳೆಯೋಕೆ ಯಾಕೆ ಅಷ್ಟು ತಲೆ ತಿನ್ನುತ್ತಾರೆ?

ಹಾವುಗಳಿಗೆ ಬರುವ ಶಿಲೀಂಧ್ರ ರೋಗ ಒಂದಿದೆ. ಮುಖದ ಮೇಲೆ, ಹೊಟ್ಟೆಯ ಹುರುಪೆಗಳ ಮೇಲೆ ಹುಣ್ಣು, ಕಂದು ಹೊಪ್ಪಳೆ ಏಳುತ್ತದೆ. ಮಣ್ಣಿನಲ್ಲೂ ಉಳಿಯುತ್ತದೆ. ಒಂದು ಕಾಡಿನ ಕೆಸರು ಇನ್ನೊಂದು ಕಾಡಿಗೆ ನಿಮ್ಮ ಬೂಟಿನಲ್ಲಿ ಹೋಗಬಾರದು. ಹಾವು ಅಳೆದ ಪಟ್ಟಿ, ಹಾಕಿದ ಚೀಲ, ಕೊಕ್ಕೆ, ಎಲ್ಲವನ್ನೂ ಒಂದು ಹಾವು ಮುಗಿದು ಇನ್ನೊಂದಕ್ಕೆ ಹೋಗುವ ಮುಂಚೆ ಶುಚಿ ಮಾಡಬೇಕು. ಇದರಲ್ಲಿ ರಾಜಿ ಇಲ್ಲ.

ಕಚ್ಚಿದರೆ? ನನಗೆ ಹಾವು ಅಂದ್ರೆ ಒಳಗೊಳಗೇ ಭಯ.

ಸ್ವಲ್ಪ ಭಯ ಇದ್ದರೆ ಒಳ್ಳೆಯದೇ. ಧೈರ್ಯ ತೋರಿಸೋಕೆ ಬರುವವರ ಪಕ್ಕ ನಡೆಯೋದು ನನಗೆ ಇಷ್ಟ ಇಲ್ಲ. ಇಂಡಿಗೊ ಹಾವು ಮೂಲೆಗೆ ಸಿಕ್ಕಿದರೆ ಕತ್ತು ಚಪ್ಪಟೆ ಮಾಡಿ ಬುಸುಗುಡುತ್ತದೆ, ಬಾಲ ನಡುಗಿಸುತ್ತದೆ. ಕಚ್ಚೋದು ಅಪರೂಪ. ಆದರೆ ಅದೇ ಹುಲ್ಲಿನಲ್ಲಿ, ಅದೇ ಬಿಲದಲ್ಲಿ ವಿಷದ ಹಾವೂ ಇರುತ್ತದೆ. ಗಮನ ಎಲ್ಲ ಕಿವಿಯ ಸದ್ದಿನ ಮೇಲಿರುವಾಗ ಕಾಲ ಕೆಳಗೆ ಏನಿದೆ ಅಂತ ಮರೆತುಹೋಗುತ್ತದೆ. ಮೊಣಕಾಲ ತನಕ ಹಾವಿನ ಕಚ್ಚು ತಡೆಯುವ ಕವಚ ಹಾಕಿ. ಕಾಣದ ಜಾಗಕ್ಕೆ ಕೈ ಹಾಕಬೇಡಿ. ವಿಷದ ಹಾವು ಕಚ್ಚಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಅಲುಗಾಡದೆ ಕೂತು, ಬೇಗ ಆಸ್ಪತ್ರೆ ತಲುಪುವ ದಾರಿ ನೋಡಬೇಕು.

ನಿಜ ಹೇಳಬೇಕಂದ್ರೆ ಇಂಟರ್ನ್‌ಗಳನ್ನು ಮಲಗಿಸೋದು ಹಾವಲ್ಲ, ಬಿಸಿಲು. ಅದರ ನಂತರ ಉಣುಗು. ನೀರು ಜಾಸ್ತಿ ಒಯ್ಯಿರಿ. ಸಂಜೆ ಮೈಯೆಲ್ಲ ಹುಡುಕಿ ಉಣುಗು ಕೀಳಿರಿ. ಒಬ್ಬರೇ ಹೋಗುವುದಾದರೆ ಎಷ್ಟು ಗಂಟೆಗೆ ವಾಪಸ್ ಅಂತ ಹೇಳಿ ಹೋಗಿ, ಆ ಗಂಟೆಗೆ ಫೋನ್ ಮಾಡಿ.

ಏನು ಓದಿರಬೇಕು?

ಜೀವಶಾಸ್ತ್ರ, ಅರಣ್ಯ, ವನ್ಯಜೀವಿ ವಿಷಯ ಓದುತ್ತಿರುವವರು ಅಥವಾ ಈಗ ತಾನೇ ಮುಗಿಸಿದವರು ಹೆಚ್ಚು. ಆದರೆ ಅಂಕಪಟ್ಟಿಗಿಂತ ಬೇರೆಯದನ್ನು ನೋಡುತ್ತಾರೆ. ಗಾಡಿ ಓಡಿಸೋಕೆ ಬರುತ್ತಾ? ಸೆಕೆಯಲ್ಲಿ ಕಿಲೋಮೀಟರ್‌ಗಟ್ಟಲೆ ನಡೆಯಬಲ್ಲಿರಾ? ಎಕ್ಸೆಲ್, ನಕ್ಷೆಯ ಸಾಫ್ಟ್‌ವೇರ್ ಗೊತ್ತಾ? ಮೂರು ತಿಂಗಳು ಅದೇ ನಾಲ್ಕು ಜನರ ಜೊತೆ ಒಂದೇ ಮನೆಯಲ್ಲಿ ಜಗಳ ಇಲ್ಲದೆ ಇರಬಲ್ಲಿರಾ? ಕೊನೆಯದು ತಮಾಷೆಯಲ್ಲ.

ಅರ್ಜಿಯಲ್ಲಿ "ಚಿಕ್ಕಂದಿನಿಂದ ಹಾವು ಅಂದ್ರೆ ಪ್ರಾಣ" ಅಂತ ಎಲ್ಲರೂ ಬರೆಯುತ್ತಾರೆ. ನೀವು ಯಾವುದಾದರೂ ಒಂದು ಕೆಲಸವನ್ನು, ಪಕ್ಷಿ ಎಣಿಸಿದ್ದೋ ಮಳೆ ಅಳೆದದ್ದೋ, ಒಂದಿಡೀ ಋತು ಬಿಡದೆ ಮಾಡಿದ್ದರೆ ಅದನ್ನು ಬರೆಯಿರಿ. ಆ ನೋಟ್‌ಬುಕ್ಕಿನ ಒಂದು ಪುಟ ತೋರಿಸಿದರೆ ಇನ್ನೂ ಒಳ್ಳೆಯದು.

ದುಡ್ಡು ಕೊಡ್ತಾರಾ?

ಕೆಲವರು ಸಂಬಳ ಕೊಡುತ್ತಾರೆ, ಕೆಲವರು ಭತ್ಯೆ ಮತ್ತು ಇರೋಕೆ ಜಾಗ, ಕೆಲವರು ಏನೂ ಇಲ್ಲ. ಅರ್ಜಿ ಹಾಕುವ ಮುಂಚೆ ಮನೆ, ಗಾಡಿ, ಪೆಟ್ರೋಲ್, ವಿಮೆ ಯಾರ ಖರ್ಚು ಅಂತ ಬರವಣಿಗೆಯಲ್ಲಿ ಕೇಳಿ. ಕೇಳೋಕೆ ನಾಚಿಕೆ ಬೇಡ. ನೀವೇ ದುಡ್ಡು ಕಟ್ಟಿ ಬರಬೇಕು ಅನ್ನುವ ಕಡೆ ಅದು ಇಂಟರ್ನ್‌ಶಿಪ್ಪಾ ಇಲ್ಲಾ ಪ್ರವಾಸದ ಪ್ಯಾಕೇಜಾ ಅಂತ ಎರಡು ಸಲ ನೋಡಿ. ಬೇರೆ ದೇಶದಿಂದ ಹೋಗುವವರು ಸರಿಯಾದ ವೀಸಾಗೆ ಆ ಸಂಸ್ಥೆ ಕಾಗದ ಕೊಡುತ್ತದಾ ಅಂತ ಮೊದಲೇ ಕೇಳಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡೋದು ಬೇಡ.

ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ಹಾಕಬಹುದಾ?

ಯೋಜನೆಯವರು ಸರಿ ಅಂದ ಮೇಲೆ, ಅವರು ಹೇಳಿದ ರೀತಿಯಲ್ಲಿ. ಈ ಹಾವುಗಳನ್ನು ಕದ್ದು ಮಾರುವವರು ಇವತ್ತಿಗೂ ಇದ್ದಾರೆ. ಮೊಬೈಲ್ ಫೋಟೋದೊಳಗೆ ಜಾಗದ ವಿವರ ಸೇರಿಕೊಂಡಿರುತ್ತದೆ. ಅದನ್ನು ತೆಗೆದರೂ ಹಿಂದೆ ಕಾಣುವ ರಸ್ತೆ ಬೋರ್ಡ್, ಗೇಟು ಸಾಕು ಪತ್ತೆ ಹಚ್ಚೋಕೆ. ಫ್ರೀಕ್ವೆನ್ಸಿ ಕಾಣುವ ರಿಸೀವರ್ ಪರದೆಯ ಫೋಟೋ ಅಂತೂ ಬೇಡವೇ ಬೇಡ. ಅದು ಹಾವಿನ ವಿಳಾಸ ಕೊಟ್ಟಂತೆಯೇ.

ಯೋಜನೆ ಗೆದ್ದಿದೆ ಅಂತ ಯಾವಾಗ ಹೇಳೋದು?

ಬಿಟ್ಟ ಹಾವು ಬದುಕಿದ್ದರೆ ಸಾಲದು. ಅದು ಮರಿ ಮಾಡಬೇಕು, ಆ ಮರಿ ಬೆಳೆದು ಮತ್ತೆ ಮರಿ ಮಾಡಬೇಕು. ಕೊನೆಕಾದಲ್ಲಿ 2010ರಲ್ಲಿ ಬಿಡೋಕೆ ಶುರು ಮಾಡಿದ ಮೇಲೆ ಕಾಡಲ್ಲೇ ಹುಟ್ಟಿದ ಮೊದಲ ಹಾವು ಸಿಕ್ಕಿದ್ದು 2020ರಲ್ಲಿ. ಇನ್ನೊಂದು 2022ರಲ್ಲಿ. ಫ್ಲಾರಿಡಾದ ಜಾಗದಲ್ಲಿ 2023ರಲ್ಲಿ ಎರಡು ಮರಿ ಸಿಕ್ಕವು. ಕಾಡಲ್ಲೇ ಹುಟ್ಟಿದ್ದು ಅಂತ ಹೇಗೆ ಗೊತ್ತಾಗುತ್ತದೆ? ಅದರ ಗಾತ್ರ ನೋಡಬೇಕು, ಮೈಮೇಲೆ ಸ್ಕ್ಯಾನರ್ ಆಡಿಸಬೇಕು. ನಂಬರ್ ಬಾರದಿದ್ದರೆ ಅದು ಯಾರೂ ಸಾಕಿ ಬಿಟ್ಟ ಹಾವಲ್ಲ.

ಹತ್ತು ವರ್ಷ ಅಂದರೆ ಎಷ್ಟೋ ತಂಡದ ಇಂಟರ್ನ್‌ಗಳು ಬಂದು ಹೋಗಿರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಒಂದೂ ಮರಿ ಕಂಡಿರಲಿಲ್ಲ. ನಿಮ್ಮ ಮೂರು ತಿಂಗಳಲ್ಲಿ ದೊಡ್ಡದೇನೋ ಆಗುತ್ತದೆ ಅಂತ ಬರಬೇಡಿ.

ಆಮೇಲೆ ಕೆಲಸ ಸಿಗುತ್ತಾ?

ಖಾತ್ರಿ ಕೊಡೋಕಾಗಲ್ಲ. ಅರಣ್ಯ ಇಲಾಖೆಗಳು, ಪ್ರಾಣಿಸಂಗ್ರಹಾಲಯಗಳು, ಸಂಶೋಧನಾ ತಂಡಗಳು ರೇಡಿಯೋ ಹಿಡಿದು ನಡೆಯೋಕೆ ಬರುವವರನ್ನು ಹುಡುಕುತ್ತಲೇ ಇರುತ್ತವೆ, ಆದರೆ ಜಾಗ ಕಡಿಮೆ, ಹೆಚ್ಚಿನವು ಋತುವಿನ ಕೆಲಸ. ಕೆಲವರು ಇದೇ ಡೇಟಾ ಇಟ್ಟುಕೊಂಡು ಸ್ನಾತಕೋತ್ತರ ಓದಿಗೆ ಹೋಗುತ್ತಾರೆ. ಕೆಲವರು ಒಂದು ಬೇಸಿಗೆ ಮುಗಿಸಿ "ಸಾಕಪ್ಪಾ" ಅಂತ ಲ್ಯಾಬ್ ಕಡೆ ತಿರುಗುತ್ತಾರೆ. ಅದೂ ತಪ್ಪಲ್ಲ.

ಮೊಬೈಲ್ ಆ್ಯಪ್‌ನಲ್ಲೇ ಎಲ್ಲ ಬರೆಯಬಹುದಲ್ವಾ, ನೋಟ್‌ಬುಕ್ ಯಾಕೆ?

ಆ್ಯಪ್‌ನಲ್ಲೂ ಬರೆಯಿರಿ. ಮೊಬೈಲ್ ಕೆರೆಗೆ ಬೀಳುತ್ತದೆ, ಬಿಸಿಲಿಗೆ ಕಾದು ಆಫ್ ಆಗುತ್ತದೆ. ಆ್ಯಪ್‌ನಲ್ಲಿ ಖಾನೆ ಇಲ್ಲದ ಸಂಗತಿಗಳೂ ಇರುತ್ತವೆ. "ಬಿಲದ ಬಾಯಲ್ಲಿ ಹಸಿ ಮಣ್ಣು, ಆಮೆ ಈಗ ತಾನೇ ಹೊರಬಂದ ಹಾಗಿದೆ" ಅನ್ನೋದನ್ನು ಎಲ್ಲಿ ತುಂಬ್ತೀರಿ? ನೀರಿಗೆ ನೆನೆಯದ ಹಾಳೆಯ ಪುಸ್ತಕ ಸಿಗುತ್ತದೆ. ಪೆನ್ ಬೇಡ, ಪೆನ್ಸಿಲ್ ತನ್ನಿ. ಎರಡು ತನ್ನಿ, ಒಂದು ಕಳೆದೇ ಕಳೆಯುತ್ತದೆ.